ತೋಮ ಆ ವಾರ ಎಲ್ಲಿದ್ದ?

ತೋಮ ಅಂದರೆ, ಯೇಸು ಸತ್ತು ಎದ್ದುಬಂದದ್ದನ್ನು ಕಣ್ಣಾರೆ ಕಾಣದೆ ನಂಬುವುದಿಲ್ಲ ಅಂದ ಶಿಷ್ಯ. ಅವನ ಹತ್ತಿರ ಕೊನೆಗೆ ಬರುತ್ತೇನೆ. ಮೊದಲು ಪಾಸ್ಕ, ಅಂದರೆ ಆ ಪುನರುತ್ಥಾನದ ಈಸ್ಟರ್ ಹಬ್ಬ. ಅದರ ಜಾಗರಣೆ ಶುರುವಾಗುವುದು ಕತ್ತಲಲ್ಲಿ. ಪವಿತ್ರ ಶನಿವಾರ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಹೊರಗೆ ಬೆಂಕಿ ಹಾಕಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಹಚ್ಚುವ ಮುಂಚೆ ಗುರುಗಳು ಅದರ ಮೇಲೆ ಶಿಲುಬೆಯ ಗುರುತು ಕೊರೆದು, ಅದರ ಸುತ್ತ ಆ ವರ್ಷದ ನಾಲ್ಕು ಅಂಕಿಗಳನ್ನು ಕೊರೆಯುತ್ತಾರೆ. ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಅವು ಯೇಸುವಿನ ಐದು ಗಾಯಗಳು. ಇಡೀ ಪೂಜೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಆ ಅಂಕಿಗಳು. ಎರಡು ಸಾವಿರ ವರ್ಷ ಹಿಂದಿನ ಮಾತಿಗೆ ಈ ವರ್ಷದ ತಾರೀಖು ಬೀಳುತ್ತದೆ. ಅಂದರೆ ಈ ವರ್ಷ ನಮಗೆ ಏನೇನು ಗೊತ್ತಿದೆಯೋ ಅಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡೇ ನಂಬಬೇಕು, ಅಲ್ವಾ?

ಆಮೇಲೆ ವಾಚನಗಳು. ಮೊದಲನೆಯದೇ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯ, ಸೃಷ್ಟಿಯ ಕತೆ. ಮೊದಲ ದಿನ ಬೆಳಕು, ನಾಲ್ಕನೇ ದಿನ ಸೂರ್ಯ. ಕೇಳುತ್ತಾ ಕೂತವರಲ್ಲಿ ವಿಜ್ಞಾನ ಓದಿದವರು, ವಿಜ್ಞಾನ ಕಲಿಸುವವರು ಇರುತ್ತಾರೆ. ಸೂರ್ಯನೇ ಇಲ್ಲದೆ ಮೂರು ಸಂಜೆ, ಮೂರು ಮುಂಜಾನೆ ಹೇಗಾಯಿತು ಅನ್ನುವ ಪ್ರಶ್ನೆ ಅವರ ತಲೆಯಲ್ಲಿ ಹಾದುಹೋಗದೆ ಇರುತ್ತದೆಯೇ? ಹೊಸ ಪ್ರಶ್ನೆಯೇನಲ್ಲ ಇದು. 5ನೇ ಶತಮಾನದ ಆರಂಭದಲ್ಲೇ ಚರ್ಚಿನ ದೊಡ್ಡ ಚಿಂತಕ ಸಂತ ಅಗಸ್ಟಿನ್ ಇದರ ಜೊತೆ ಗುದ್ದಾಡಿದ್ದರು. ಆ ದಿನಗಳು ನಮ್ಮ ದಿನಗಳಂಥವಲ್ಲ ಅಂದರು. ಅಷ್ಟಕ್ಕೇ ಬಿಡಲಿಲ್ಲ. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಕ್ರೈಸ್ತರು ತಿಳಿಯದೆ ಏನೇನೋ ಹೇಳಿ, ಅದೇ ದೇವರ ವಾಕ್ಯ ಅಂತ ಹಟ ಹಿಡಿದರೆ, ವಿಷಯ ಗೊತ್ತಿರುವ ಹೊರಗಿನವರು ನಗುತ್ತಾರೆ. ಆಮೇಲೆ ನಾವು ಪುನರುತ್ಥಾನದ ಮಾತಾಡಿದರೆ ಅದನ್ನಾದರೂ ಏಕೆ ನಂಬುತ್ತಾರೆ ಅಂತ ಕೇಳಿದರು. ಡಾರ್ವಿನ್ ಹುಟ್ಟುವುದಕ್ಕೆ ಸುಮಾರು 1,400 ವರ್ಷ ಮುಂಚಿನ ಮಾತು. ನಮ್ಮವರು ಆ ಪುಟವನ್ನು ಜಾಸ್ತಿ ತಿರುವಿದಂತಿಲ್ಲ.

ಈ ಹಬ್ಬಕ್ಕೆ ತಾರೀಖು ಕೊಡುವುದೇ ಖಗೋಳದ ಲೆಕ್ಕ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಎಲ್ಲರೂ ಒಂದೇ ದಿನ ಆಚರಿಸಬೇಕು ಅಂತ 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ತೀರ್ಮಾನಿಸಿತ್ತು. ಆದರೆ ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. 11 ನಿಮಿಷ ಏನು ಮಹಾ ಅನ್ನಿಸುತ್ತದೆ. ಶತಮಾನಗಳು ಉರುಳಿದ ಹಾಗೆ ಅದೇ ಸೇರಿ ಸೇರಿ ಹತ್ತು ದಿನವಾಯಿತು. ಹಗಲು ರಾತ್ರಿ ಸಮವಾಗುವ ದಿನ ಮಾರ್ಚ್ 21ರಿಂದ 11ಕ್ಕೆ ಜಾರಿತು. ಹಬ್ಬ ತಪ್ಪು ಭಾನುವಾರ ಬೀಳತೊಡಗಿತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಅಂತ ಆಜ್ಞೆ ಮಾಡಿ ಇದನ್ನು ಸರಿಪಡಿಸಿದರು. ಇವತ್ತು ಜಗತ್ತಿನ ಕಚೇರಿಗಳಲ್ಲೆಲ್ಲ ತೂಗುವ ಕ್ಯಾಲೆಂಡರ್ ಹುಟ್ಟಿದ್ದು ಒಂದು ಹಬ್ಬದ ದಿನ ತಪ್ಪಬಾರದು ಅನ್ನುವ ಚಿಂತೆಯಿಂದ.

ಲೆಕ್ಕ ಸರಿಯಿದೆಯೇ ಅಂತ ಅಳೆಯಲು ಚರ್ಚುಗಳನ್ನೇ ಬಳಸಿದರು. ಇಟಲಿಯ ಬೊಲೊನ್ಯ ನಗರದಲ್ಲಿ ಸಂತ ಪೆತ್ರೋನಿಯೊ ಹೆಸರಿನ ದೊಡ್ಡ ಬಸಿಲಿಕಾ ಇದೆ. 1655ರಲ್ಲಿ ಖಗೋಳಜ್ಞ ಕಸೀನಿ ಅದರ ಚಾವಣಿಯಲ್ಲಿ, ನೆಲದಿಂದ ಸುಮಾರು 27 ಮೀಟರ್ ಎತ್ತರಕ್ಕೆ, ಒಂದು ಸಣ್ಣ ತೂತು ಮಾಡಿಸಿದ. ನೆಲದ ಮೇಲೆ ಉತ್ತರ ದಕ್ಷಿಣವಾಗಿ ಸುಮಾರು 67 ಮೀಟರ್ ಉದ್ದದ ಗೆರೆ. ಪ್ರತಿ ಮಧ್ಯಾಹ್ನ ಸೂರ್ಯನ ದುಂಡನೆಯ ಬಿಂಬ ಕಂಬಗಳ ನಡುವೆ ಹಾದು ಆ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಒಂದು ತುದಿ, ಚಳಿಗಾಲದಲ್ಲಿ ಇನ್ನೊಂದು ತುದಿ. ದಿನ ದಿನವೂ ಆ ಬಿಂಬವನ್ನು ಅಳೆದರು. ಸೂರ್ಯನ ಗಾತ್ರ ವರ್ಷದಲ್ಲಿ ಎಷ್ಟು ಹಿಗ್ಗಿ ಕುಗ್ಗುತ್ತದೆ ಅಂತ ನೋಡಿದಾಗ ಅದು ಭೂಮಿಯನ್ನು ನಡುವೆ ನಿಲ್ಲಿಸಿದ ಹಳೆಯ ಟಾಲೆಮಿಯ ಲೆಕ್ಕಕ್ಕಲ್ಲ, ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಅಂದ ಕೆಪ್ಲರನ ಲೆಕ್ಕಕ್ಕೆ ಹೊಂದಿತು.

ಆಗ ಬೊಲೊನ್ಯ ಪೋಪರ ಆಡಳಿತದಲ್ಲಿತ್ತು. ಭೂಮಿ ತಿರುಗುತ್ತದೆ ಅಂದದ್ದಕ್ಕೆ ಗೆಲಿಲಿಯೋನನ್ನು 1633ರಲ್ಲಿ ಅದೇ ಚರ್ಚು ಅಪರಾಧಿ ಅಂದಿತ್ತು. ಅವನು 1642ರಲ್ಲಿ ಗೃಹಬಂಧನದಲ್ಲೇ ಸತ್ತ. ಅದಾಗಿ 13 ವರ್ಷಕ್ಕೆ ಬಲಿಪೀಠದ ಪಕ್ಕದಲ್ಲೇ ಸೂರ್ಯನನ್ನು ಅಳೆಯುತ್ತಿದ್ದರು. ಚರ್ಚು ವಿಜ್ಞಾನದ ವೈರಿ ಅನ್ನುವವರಿಗೆ ನಾನು ಈ ಬಸಿಲಿಕಾದ ಕತೆ ಹೇಳುತ್ತೇನೆ. ಚರ್ಚು ಯಾವಾಗಲೂ ವಿಜ್ಞಾನದ ಗೆಳೆಯ ಅನ್ನುವ ನಮ್ಮವರಿಗೆ ಗೆಲಿಲಿಯೋ ಕತೆ ಹೇಳುತ್ತೇನೆ. ಪೋಪ್ ಎರಡನೇ ಜಾನ್ ಪಾಲ್ ಆ ತಪ್ಪನ್ನು ಬಾಯಿಬಿಟ್ಟು ಒಪ್ಪಿದ್ದು 1992ರಲ್ಲಿ. ಬಹಳ ತಡ. ಅದರಲ್ಲಿ ಸಮರ್ಥನೆ ಮಾಡಿಕೊಳ್ಳುವಂಥದ್ದು ಏನೂ ಇಲ್ಲ.

ವಿಜ್ಞಾನವನ್ನು ಹೆದರಿ ದೂರ ಇಡುವುದು ಒಂದು ತಪ್ಪು. ತಬ್ಬಿಕೊಂಡು ಸಾಕ್ಷಿ ಹೇಳಿಸುವುದು ಇನ್ನೊಂದು. "ವಿಜ್ಞಾನವೇ ಬೈಬಲನ್ನು ಒಪ್ಪಿದೆ" ಅಂತ ಮೊಬೈಲಿಗೆ ಬಂದು ಬೀಳುವ ಸಂದೇಶಗಳನ್ನು ನೋಡಿದರೆ ನನಗೆ ಸುಮ್ನೆ ಕಿರಿಕಿರಿ. ಇದಕ್ಕೆ ಒಳ್ಳೆಯ ಮದ್ದು ಜಾರ್ಜ್ ಲೆಮೇತ್ರ. ಬೆಲ್ಜಿಯಮ್ಮಿನ ಈ ಪಾದ್ರಿ ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದರು. 1931ರಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಎಲ್ಲವೂ ಒಂದು ಆದಿ ಪರಮಾಣುವಿನಿಂದ ಶುರುವಾಗಿರಬೇಕು ಅಂದರು. ಈಗ ನಾವು ಮಹಾಸ್ಫೋಟ ಅನ್ನುವುದರ ಬೇರು ಅದು. 1951ರ ನವೆಂಬರಿನಲ್ಲಿ ಪೋಪ್ 12ನೇ ಪಿಯುಸ್ ಒಂದು ಭಾಷಣದಲ್ಲಿ, ವಿಜ್ಞಾನ ಈಗ "ಬೆಳಕಾಗಲಿ" ಅನ್ನುವ ಆ ಕ್ಷಣಕ್ಕೇ ಸಾಕ್ಷಿ ಹೇಳುತ್ತಿದೆ ಅನ್ನುವ ಅರ್ಥದಲ್ಲಿ ಸಂತೋಷಪಟ್ಟರು. ಬೇರೆ ಯಾರಾದರೂ ಆಗಿದ್ದರೆ ಉಬ್ಬಿಹೋಗುತ್ತಿದ್ದರು. ಲೆಮೇತ್ರರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗೆ ನಿಲ್ಲುತ್ತದೆ, ಅದನ್ನು ಒಪ್ಪಿಕೊಂಡೂ ಒಬ್ಬ ದೇವರಿಲ್ಲ ಅನ್ನಬಹುದು ಅನ್ನುವುದು ಅವರ ನಿಲುವು.

ಬೆಳಿಗ್ಗೆ ಪೂಜೆ ಅರ್ಪಿಸಿ ಮಧ್ಯಾಹ್ನ ಸಮೀಕರಣ ಬಿಡಿಸುತ್ತಿದ್ದ ಮನುಷ್ಯ ಹಾಗೆ ಹೇಳಿದ್ದರ ತೂಕ ನನಗೆ ನಿಧಾನವಾಗಿ ಗೊತ್ತಾಯಿತು. ಇವತ್ತಿನ ಸಿದ್ಧಾಂತಕ್ಕೆ ವಿಶ್ವಾಸವನ್ನು ಕಟ್ಟಿದರೆ, ನಾಳೆ ಸಿದ್ಧಾಂತ ಬದಲಾದಾಗ ವಿಶ್ವಾಸವೂ ಬೀಳಬೇಕಾಗುತ್ತದೆ. ಗೊತ್ತಿಲ್ಲದ ಜಾಗಗಳಲ್ಲೆಲ್ಲ ದೇವರನ್ನು ಕೂರಿಸಿದರೂ ಅಷ್ಟೇ. ಒಂದೊಂದೇ ಜಾಗ ಗೊತ್ತಾಗುತ್ತಾ ಬಂದ ಹಾಗೆ ದೇವರು ಎದ್ದು ಹೋಗಬೇಕು. ಪುನರುತ್ಥಾನವನ್ನು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ತೋರಿಸಲಾಗದು. ಅದು ನಮಗೆ ಬಂದಿರುವುದು ಕಂಡವರ ಬಾಯಿಮಾತಾಗಿ. ನಂಬುವುದು, ಬಿಡುವುದು ಆ ಜನರ ಮೇಲಿನ ಭರವಸೆಗೆ ಸೇರಿದ್ದು.

ಜಾಗರಣೆಯ ನಡುವೆ ಒಂದು ಪ್ರಶ್ನೋತ್ತರ ಬರುತ್ತದೆ. ದೀಕ್ಷಾಸ್ನಾನದ ವಾಗ್ದಾನಗಳನ್ನು ಹೊಸದಾಗಿ ಮಾಡುವ ಹೊತ್ತು. ಗುರುಗಳು ಕೇಳುತ್ತಾ ಹೋಗುತ್ತಾರೆ. ಸೃಷ್ಟಿಕರ್ತ ಪಿತನನ್ನು ವಿಶ್ವಾಸಿಸುತ್ತೀರಾ? ಸತ್ತು, ಸಮಾಧಿಯಾಗಿ, ಎದ್ದುಬಂದ ಕ್ರಿಸ್ತನನ್ನು ವಿಶ್ವಾಸಿಸುತ್ತೀರಾ? ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೀರಾ? ಕೆಲವು ವರ್ಷ ನನ್ನ ದನಿ ಗಟ್ಟಿಯಾಗಿರುತ್ತದೆ. ಕೆಲವು ವರ್ಷ ಮೂರನೆಯದಕ್ಕೆ ಬರುವಾಗ ಇಳಿಯುತ್ತದೆ. ಆಗ ಪಕ್ಕದವರ ದನಿ ಕೇಳಿಸುತ್ತದೆ. ಅವರೂ ನನ್ನ ದನಿಯನ್ನೇ ಆನಿಸಿಕೊಂಡು ನಿಂತಿದ್ದಾರೋ ಏನೋ, ಯಾರು ಕಂಡರು. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ, ಅವರ ಪತ್ರಗಳು ಹೊರಬಂದವು. ದಶಕಗಟ್ಟಲೆ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗಿರಲಿಲ್ಲ, ಒಳಗೆಲ್ಲ ಕತ್ತಲೆ ಇತ್ತು ಅಂತ ಅವುಗಳಿಂದ ಗೊತ್ತಾಯಿತು. ಆಗ ಕೆಲವರು ಅದನ್ನು ಕಪಟ ಅಂದರು. ನನಗಂತೂ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಏನೂ ಅನಿಸದ ದಿನವೂ ಎದ್ದು, ಸಾಯುತ್ತಿರುವವರ ಮೈ ತೊಳೆಯಲು ಹೋಗುವುದು ಕಪಟಿಗಳಿಂದ ಆಗುವ ಕೆಲಸವಲ್ಲ.

ಇನ್ನು ನಾಸ್ತಿಕರ ಮಾತು. ಶುರುವಿನ ಶತಮಾನಗಳಲ್ಲಿ ರೋಮನ್ನರು ಕ್ರೈಸ್ತರನ್ನೇ ನಾಸ್ತಿಕರು ಅಂತ ಕರೆಯುತ್ತಿದ್ದರು. ಊರಿನ ದೇವತೆಗಳಿಗೆ ಬಲಿ ಕೊಡದವರು ಬೇರೆ ಯಾರಾಗಿರಲು ಸಾಧ್ಯ? ಆ ಬೈಗುಳವನ್ನು ಹೊತ್ತುಕೊಂಡು ಸತ್ತವರ ವಂಶ ನಮ್ಮದು. ಅದೇ ಪದವನ್ನು ಈಗ ಇನ್ನೊಬ್ಬರ ಮೇಲೆ ಎಸೆಯುವ ಮುಂಚೆ ಸ್ವಲ್ಪ ತಡೆಯಬೇಕು.

ದೇವರಿಲ್ಲ ಅನ್ನುವವರ ಗಟ್ಟಿ ವಾದ ಭೌತವಿಜ್ಞಾನದಿಂದ ಬರುವುದು ಅಂತ ನನಗೆ ಅನ್ನಿಸಿಲ್ಲ. ಅದು ನೋವಿನಿಂದ ಬರುತ್ತದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಿಗ್ಗೆ ಲಿಸ್ಬನ್ ನಗರದ ಚರ್ಚುಗಳು ತುಂಬಿದ್ದವು. ಭೂಮಿ ನಡುಗಿತು. ಚಾವಣಿಗಳು ಪೂಜೆಗೆ ಬಂದವರ ಮೇಲೇ ಕುಸಿದವು. ಹಬ್ಬಕ್ಕೆ ಹಚ್ಚಿಟ್ಟ ಮೇಣದಬತ್ತಿಗಳಿಂದಲೂ ಬೆಂಕಿ ಹತ್ತಿತು. ತಪ್ಪಿಸಿಕೊಂಡು ನದಿಯ ಕಡೆ ಓಡಿದವರ ಮೇಲೆ ಸಮುದ್ರ ಉಕ್ಕಿ ಬಂತು. ಹತ್ತಾರು ಸಾವಿರ ಜನ ಸತ್ತರು. ಮನೆಯಲ್ಲೇ ಉಳಿದಿದ್ದರೆ ಕೆಲವರಾದರೂ ಬದುಕುತ್ತಿದ್ದರೋ ಏನೋ. ಡಾರ್ವಿನ್ನನ ಕತೆಯೂ ಬರೀ ಸಿದ್ಧಾಂತದ್ದಲ್ಲ. 1851ರಲ್ಲಿ ಅವನ ಮಗಳು ಆ್ಯನಿ ಹತ್ತನೇ ವಯಸ್ಸಿಗೆ ಸತ್ತಳು. 1860ರಲ್ಲಿ ಏಸಾ ಗ್ರೇ ಅನ್ನುವ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ, ಜೀವಂತ ಕಂಬಳಿಹುಳದ ಒಳಗೇ ಮೊಟ್ಟೆಯಿಟ್ಟು, ಅದನ್ನು ಒಳಗಿನಿಂದ ತಿಂದು ಬೆಳೆಯುವ ಕಣಜಗಳನ್ನು ಒಬ್ಬ ಕರುಣಾಮಯಿ ದೇವರು ಬೇಕಂತಲೇ ಸೃಷ್ಟಿಸಿದ ಅಂತ ನಂಬಲು ತನಗೆ ಆಗುತ್ತಿಲ್ಲ ಅಂದ. ಗ್ರೇ ಭಕ್ತ ಕ್ರೈಸ್ತ. ಅಮೆರಿಕದಲ್ಲಿ ಡಾರ್ವಿನ್ನನ ಪರ ನಿಂತು ಬರೆದವನೂ ಅವನೇ. ಆ ಇಬ್ಬರ ಪತ್ರಗಳು ಹೀಗೇ ಓಡಾಡುತ್ತಿದ್ದವು. ಒಬ್ಬರನ್ನೊಬ್ಬರು ಸೋಲಿಸುವ ಅವಸರ ಇಬ್ಬರಿಗೂ ಇರಲಿಲ್ಲ.

ನನ್ನ ಗೆಳೆಯನೊಬ್ಬ ದೇವರನ್ನು ಬಿಟ್ಟಿದ್ದು ಯಾವ ಪುಸ್ತಕ ಓದಿಯೂ ಅಲ್ಲ. ತಂಗಿ ಕಾಯಿಲೆ ಬಿದ್ದ ದಿನಗಳಲ್ಲಿ ಸುತ್ತಲಿನ ಭಕ್ತರು ಹೇಳಿದ ಸಮಾಧಾನಗಳನ್ನು ಕೇಳಿ ಕೇಳಿ. "ದೇವರ ಚಿತ್ತ" ಅಂದರಂತೆ. "ಪರೀಕ್ಷೆ" ಅಂದರಂತೆ. ಅವನ ಮುಂದೆ ಕೂತಾಗ ನನ್ನ ಹತ್ತಿರ ಉತ್ತರವಿಲ್ಲ. ಬೈಬಲ್ಲೂ, ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅಂಥ ಉತ್ತರಗಳನ್ನು ಕೊಡುವ ಅವನ ಗೆಳೆಯರನ್ನು ಕೊನೆಗೆ ಬೈಯುತ್ತದೆ. ಬೈಬಲಿನ ಪ್ರಾರ್ಥನಾ ಗೀತೆಗಳಲ್ಲಿ 88ನೇ ಕೀರ್ತನೆಯಂತೂ ಶುರುವಿನಿಂದ ಕೊನೆಯವರೆಗೂ ಗೋಳು. ಕೊನೆಯ ಸಾಲೂ ಕತ್ತಲಿನದೇ. ಅದನ್ನು ತಿದ್ದಿ ಒಂದು ಒಳ್ಳೆಯ ಮಾತು ಸೇರಿಸಲು ಯಾರೂ ಹೋಗಿಲ್ಲ. ಶುಕ್ರವಾರ ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ಏಕೆ ನನ್ನ ಕೈಬಿಟ್ಟೆ? ಗೆಳೆಯನ ಪ್ರಶ್ನೆ ಅದಕ್ಕಿಂತ ಬೇರೆಯದೇನಲ್ಲ.

ಪಾಸ್ಕದ ಮುಂದಿನ ಭಾನುವಾರ ಚರ್ಚಿನಲ್ಲಿ ಬೆಂಚುಗಳು ಖಾಲಿ ಖಾಲಿ. ಆ ದಿನ ಓದುವ ಶುಭಸಂದೇಶ, ಅಂದರೆ ಯೇಸುವಿನ ಚರಿತ್ರೆಯ ಭಾಗ, ಪ್ರತಿ ವರ್ಷ ಒಂದೇ, ಯೊವಾನ್ನ ಬರೆದ ಶುಭಸಂದೇಶದ 20ನೇ ಅಧ್ಯಾಯದ ತೋಮನ ಕತೆ. ಪ್ರಬೋಧನೆಯಲ್ಲಿ ತೋಮನಿಗೆ ಬೈಗುಳ ಖಾಯಂ. ಆದರೆ ಅಧ್ಯಾಯವನ್ನು ನಿಧಾನವಾಗಿ ಓದಿ. ಮೊದಲ ಭಾನುವಾರ, ತೋಮ ಇಲ್ಲದ ಹೊತ್ತಿನಲ್ಲಿ, ಯೇಸು ಉಳಿದ ಶಿಷ್ಯರಿಗೆ ತಾವಾಗಿಯೇ ಗಾಯವಾದ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ್ದರು. ಅವರು ಕಂಡದ್ದನ್ನೇ ತಾನೂ ಕಾಣಬೇಕು, ಮುಟ್ಟಬೇಕು ಅಂದ ತೋಮ. ಜಾಸ್ತಿ ಕೇಳಿದ್ದು ಆ ಮುಟ್ಟುವ ಮಾತೊಂದೇ. ಅವನು ಗಾಯದಲ್ಲಿ ಬೆರಳಿಟ್ಟ ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಕಾರವಾಜ್ಜೊ 1600ರ ಆಸುಪಾಸಿನಲ್ಲಿ ಬರೆದ ಚಿತ್ರದಲ್ಲಿ ಬೆರಳು ಒಳಗೇ ಹೋಗಿದೆ. ಶುಭಸಂದೇಶದಲ್ಲಿ ಹಾಗೆ ಇಲ್ಲ. "ಬೆರಳು ಇಡು" ಅಂತ ಯೇಸು ಕರೆಯುತ್ತಾರೆ, "ನನ್ನ ಪ್ರಭುವೇ, ನನ್ನ ದೇವರೇ" ಅಂತ ತೋಮ ಅನ್ನುತ್ತಾನೆ. ನಡುವೆ ಮುಟ್ಟಿದ ಮಾತೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ನಡುವಿನ ಆ ಒಂದು ವಾರ. "ನಾನು ನಂಬುವುದೇ ಇಲ್ಲ" ಅಂತ ಮುಖಕ್ಕೆ ಹೇಳಿದವನು ವಾರ ಕಳೆದ ಮೇಲೂ ಅವರ ಜೊತೆ ಅದೇ ಕೋಣೆಯಲ್ಲಿದ್ದ. ಅವನು ಎದ್ದು ಹೋಗಲಿಲ್ಲ. ಅವರೂ ಹೊರಗೆ ಹಾಕಲಿಲ್ಲ. ಊಟಕ್ಕೆ ಒಟ್ಟಿಗೆ ಕೂತಿರಬೇಕು. ಹತ್ತು ಜನ ಹಾಡುವಾಗ ಒಬ್ಬ ಬಾಯಿ ಮುಚ್ಚಿಕೊಂಡಿರಬೇಕು. ಇನ್ನೊಂದು ತಮಾಷೆ ಇದೆ. ಎರಡನೇ ಭಾನುವಾರವೂ ಆ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು ಅನ್ನುತ್ತಾನೆ ಯೊವಾನ್ನ. ಎದ್ದುಬಂದ ಪ್ರಭುವನ್ನು ಕಣ್ಣಾರೆ ಕಂಡವರೂ ವಾರವಿಡೀ ಅಗಳಿ ಹಾಕಿಕೊಂಡೇ ಕೂತಿದ್ದರು! ನಂಬಿದವರಿಗೂ ನಂಬದವನಿಗೂ ಹೊರಗಿನಿಂದ ನೋಡಿದರೆ ಅಂಥ ವ್ಯತ್ಯಾಸವೇನೂ ಕಂಡಿರಲಾರದು. ನಮ್ಮ ಚರ್ಚುಗಳಲ್ಲಿ ಇವತ್ತು ಯಾರಾದರೂ ಎದ್ದು ನಿಂತು "ನನಗೆ ನಂಬಿಕೆ ಬರುತ್ತಿಲ್ಲ" ಅಂದರೆ ಒಂದು ವಾರ ಸುಮ್ಮನೆ ಜೊತೆಗಿರಲು ಬಿಡುತ್ತೇವೆಯೇ? ಅವತ್ತು ಸಂಜೆಯೊಳಗೆ ನಾಲ್ಕು ಜನ ಬುದ್ಧಿ ಹೇಳಲು ಮನೆಗೆ ಬಂದಿರುತ್ತಾರೆ.

ತೋಮನ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಪೇತ್ರ ಮೀನು ಹಿಡಿಯಲು ಹೊರಟಾಗ, ಜೊತೆಗಿದ್ದವರ ಪಟ್ಟಿಯಲ್ಲಿ ಪೇತ್ರನ ನಂತರದ ಹೆಸರೇ ತೋಮನದು. ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನೂ ಇಲ್ಲ. ಬೆಳಗಾದಾಗ ದಡದಲ್ಲಿ ನಿಂತವನ ಮಾತು ಕೇಳಿ ಬಲೆ ಹಾಕಿದರೆ 153 ಮೀನು. ಆ ಹೊತ್ತಿನಲ್ಲೂ ಯಾರೋ ಕೂತು ಎಣಿಸಿದ್ದಾರೆ, ನೋಡಿ. ಊಟಕ್ಕೆ ಬನ್ನಿ ಅಂತ ಕರೆದವನನ್ನು "ನೀನು ಯಾರು?" ಅಂತ ಕೇಳಲು ಶಿಷ್ಯರಲ್ಲಿ ಯಾರಿಗೂ ಧೈರ್ಯ ಬರಲಿಲ್ಲ ಅಂತ ಬರೆದಿದೆ. ಅವರು ಪ್ರಭುವೇ ಅಂತ ಎಲ್ಲರಿಗೂ ಗೊತ್ತಿತ್ತಂತೆ. ಗೊತ್ತಿದ್ದ ಮೇಲೆ ಕೇಳಲು ಧೈರ್ಯ ಯಾಕೆ ಬೇಕಿತ್ತು? ತೋಮನಾದರೂ ಕೇಳಬೇಕಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.