ಕ್ಯಾಮೆರಾದಿಂದ ಬಂದೂಕಿನವರೆಗೆ: ‘ವೈನ್‌ಲ್ಯಾಂಡ್’ ಓದುವ ಬಗೆ

ಅಮೆರಿಕದ ಲೇಖಕ ಥಾಮಸ್ ಪಿಂಚನ್‌ರ ‘ವೈನ್‌ಲ್ಯಾಂಡ್’ ಕಾದಂಬರಿ 1990ರಲ್ಲಿ ಬಂತು. ಕಥೆ ನಡೆಯುವುದು 1984ರ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಅಂದರೆ ರೇಗನ್ ಅಮೆರಿಕದ ಅಧ್ಯಕ್ಷರಾಗಿ ಮರು ಆಯ್ಕೆಯಾದ ವರ್ಷ. ಹಿಪ್ಪಿ ಕಾಲದ ನೆನಪಿನ ಕಾದಂಬರಿ ಎಂದುಕೊಂಡು ಓದಿದರೆ ಅರ್ಧ ದಾರಿಯಲ್ಲೇ ಕೈತಪ್ಪುತ್ತದೆ. ಇದರ ನಿಜವಾದ ಪ್ರಶ್ನೆ: ಅರವತ್ತರ ದಶಕದ ಚಳವಳಿಯೊಳಗಿನವರೇ ಯಾಕೆ ಪ್ರಭುತ್ವದ ಕಡೆಗೆ ವಾಲಿದರು?

ಕಥೆಯ ಕೇಂದ್ರದಲ್ಲಿರುವ ಫ್ರೆನೆಸಿ ಗೇಟ್ಸ್‌ಳನ್ನು ನೋಡಿ. ತಾಯಿಯ ಕಡೆಯ ಅಜ್ಜ ಐಡಬ್ಲ್ಯೂಡಬ್ಲ್ಯೂ ಕಾರ್ಮಿಕ ಸಂಘಟನೆಯವನು. ತಂದೆ ತಾಯಿ ಹಾಲಿವುಡ್‌ನ ಕಪ್ಪುಪಟ್ಟಿಯ ಕಾಲ, ಅಂದರೆ ಕಮ್ಯುನಿಸ್ಟರೆಂಬ ಶಂಕೆ ಬಂದವರಿಗೆ ಕೆಲಸ ಕೊಡದಿದ್ದ ಕಾಲ, ಕಂಡವರು. ಅವಳು ಸೇರಿದ ‘24 ಎಫ್‌ಪಿಎಸ್’ ಎಂಬ ಬಂಡಾಯಗಾರ ಚಿತ್ರತಂಡಕ್ಕೆ ಕ್ಯಾಮೆರಾವೇ ಆಯುಧ. ಆದರೆ ಫೆಡರಲ್ ಪ್ರಾಸಿಕ್ಯೂಟರ್ ಬ್ರಾಕ್ ವಾಂಡ್‌ನ ಸೆಳೆತಕ್ಕೆ ಸಿಕ್ಕಿ ಅವಳು ಮಾಹಿತಿದಾರಳಾಗುತ್ತಾಳೆ. ವಿದ್ಯಾರ್ಥಿ ಬಂಡಾಯದ ನಾಯಕನಾದ ಗಣಿತದ ಪ್ರಾಧ್ಯಾಪಕ ವೀಡ್ ಆಟ್‌ಮನ್‌ನ ಕೊಲೆಯಲ್ಲಿ ಅವಳ ಪಾಲಿದೆ. ಎಷ್ಟೋ ವರ್ಷಗಳ ನಂತರ ಮಗಳು ಪ್ರೇರಿ ಹಳೆಯ ರೀಲುಗಳಲ್ಲಿ ತಾಯಿಯನ್ನು ಹುಡುಕುತ್ತಾಳೆ. ನನ್ನ ಮಟ್ಟಿಗೆ ಕಾದಂಬರಿಯ ಜೀವ ಇರುವುದು ಇಲ್ಲೇ.

ಎಫ್‌ಬಿಐನ ಕಾಯಿಂಟೆಲ್‌ಪ್ರೊ ಕಾರ್ಯಾಚರಣೆ (1956–1971) ಎಡಪಂಥೀಯ ಗುಂಪುಗಳೊಳಗೆ ಗೂಢಚಾರರನ್ನು ನುಗ್ಗಿಸಿದ್ದನ್ನು ಮೊದಲೇ ತಿಳಿದುಕೊಂಡಿದ್ದರೆ ಫ್ರೆನೆಸಿ ಮಾಹಿತಿದಾರಳಾಗುವ ಭಾಗ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಓದುಗರು ಎಡವುವುದು ಕಾಲದ ವಿಷಯದಲ್ಲಿ. ಒಂದು ನೆನಪಿನೊಳಗೆ ಇನ್ನೊಂದು ತೆರೆದುಕೊಳ್ಳುತ್ತದೆ, ಮರಳಿದ್ದು ಯಾವಾಗ ಎಂದು ಪಿಂಚನ್ ಹೇಳುವುದಿಲ್ಲ. ಹಾಗಾಗಿ ಅಂಚಿನಲ್ಲಿ ಎರಡೇ ಗುರುತು ಹಾಕುತ್ತ ಹೋಗಿ: ಈಗ ಯಾವ ದಶಕ, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ. ಟಿವಿ ಬಂದಲ್ಲೆಲ್ಲ ನಿಧಾನಿಸಿ. ಬಂಡಾಯವನ್ನು ಪೊಲೀಸರಷ್ಟೇ ಸಮರ್ಥವಾಗಿ ಅದೂ ಕರಗಿಸುತ್ತದೆ.