ದೋರು ಕಣಿವೆ: ದೋಣಿಯಿಂದ ಇಳಿದು ಗುಡ್ಡೆ ಹತ್ತುವವರಿಗೆ

ಪೋರ್ಚುಗಲ್‌ಗೆ ಹೋದ ನಮ್ಮ ಕಡೆಯವರು ಹೆಚ್ಚಾಗಿ ಲಿಸ್ಬನ್ ನೋಡುತ್ತಾರೆ, ಪೋರ್ಟೊ ನೋಡುತ್ತಾರೆ, ಒಂದು ದಿನ ದೋಣಿಯಲ್ಲಿ ಕೂತು ದ್ರಾಕ್ಷಿ ಗುಡ್ಡೆಗಳ ಫೋಟೋ ತೆಗೆದು ಹಿಂತಿರುಗುತ್ತಾರೆ. ಹೊಳೆಯಿಂದ ಕಾಣುವುದು ಗುಡ್ಡೆಯ ಮೈಮೇಲೆ ಎಳೆದ ಹಸಿರು ಗೆರೆಗಳು ಮಾತ್ರ. ಆ ಗೆರೆಗಳನ್ನು ಹೊತ್ತು ನಿಂತ ಕಲ್ಲುಕಟ್ಟಣೆ ಕಾಣಬೇಕಾದರೆ ಹತ್ತಲೇಬೇಕು. ಕಾಸರಗೋಡಿನ ಪೆರ್ಲ, ಬದಿಯಡ್ಕ, ಅಡೂರಿನ ಕಡೆ ಗುಡ್ಡೆ ಅಗೆದು ತಟ್ಟು ಮಾಡಿ ಅಡಿಕೆ ಸಸಿ ನೆಟ್ಟವರ ಮನೆಯ ಮಕ್ಕಳಿಗೆ ಈ ಕಣಿವೆಯನ್ನು ಓದುವುದು ಬೇರೆಯವರಿಗಿಂತ ಸುಲಭ. ಈ ಬರಹ ಅಂಥವರಿಗಾಗಿ.

ಡೌರೊ ಎಂದು ನಾವು ಓದುವ ಹೊಳೆ ಅಲ್ಲಿನವರ ಬಾಯಲ್ಲಿ ‘ದೋರು’. ಸ್ಪೇನಿನಲ್ಲಿ ಹುಟ್ಟಿ ಪೋರ್ಟೊದಲ್ಲಿ ಅಟ್ಲಾಂಟಿಕ್ ಸೇರುತ್ತದೆ. ದ್ರಾಕ್ಷಿ ಸೀಮೆ ಇರುವುದು ಪೋರ್ಟೊದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಒಳಗೆ, ಮರಾಂವ್ ಬೆಟ್ಟಸಾಲಿನ ಆಚೆ. ನಮ್ಮ ಘಟ್ಟ ಮಳೆಯನ್ನು ತಡೆದು ಈಚೆಗೆ ಸುರಿಸುವ ಹಾಗೆ ಮರಾಂವ್ ಕೂಡ ಸಮುದ್ರದ ಮೋಡಗಳನ್ನು ತಡೆಯುತ್ತದೆ. ದ್ರಾಕ್ಷಿ ಇರುವುದು ಮಳೆ ತಲುಪದ ಬದಿಯಲ್ಲಿ. ‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂಬುದು ಅಲ್ಲಿನ ಗಾದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದುಂಟು. ನಡೆಯುವ ಆಸೆ ಇದ್ದರೆ ಏಪ್ರಿಲ್–ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬಾದಾಮಿ ಹೂ ನೋಡಬೇಕಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ, ಕಣಿವೆಯ ಮೇಲ್ತುದಿಗೆ ಹೋಗಿ.

1756ರಲ್ಲಿ ಮಾರ್ಕೇಸ್ ದ ಪೊಂಬಾಲ್ ಎಂಬ ಮಂತ್ರಿ ಈ ಸೀಮೆಯನ್ನು ಅಳೆದು, ಇದರೊಳಗೆ ಬೆಳೆದದ್ದಕ್ಕೆ ಮಾತ್ರ ಪೋರ್ಟ್ ವೈನ್ ಎಂಬ ಹೆಸರು ಎಂದು ಕಟ್ಟು ಮಾಡಿದ. 1758ರಲ್ಲಿ, ಮತ್ತೆ 1761ರಲ್ಲಿ, ಒಟ್ಟು 335 ಗ್ರಾನೈಟ್ ಗಡಿಕಲ್ಲುಗಳನ್ನು ನೆಡಿಸಿದರು. ಆಳೆತ್ತರದ ಈ ಕಲ್ಲುಗಳ ಮೇಲೆ ‘ಫೈತೋರಿಯ’ (ರಫ್ತಿಗೆ ತಕ್ಕ ವೈನಿನ ಸೀಮೆ ಎಂಬ ಗುರುತು) ಎಂಬ ಪದವನ್ನೂ ಇಸವಿಯನ್ನೂ ಕೊರೆದಿರುತ್ತದೆ. ಉಳಿದವು ಈಗಲೂ ತೋಟದ ಮೂಲೆಯಲ್ಲಿ, ದಾರಿಯ ಅಂಚಿನಲ್ಲಿ, ಕೆಲವು ಮನೆಯ ಗೋಡೆಯಲ್ಲೇ ಸೇರಿಕೊಂಡು ಸಿಗುತ್ತವೆ. ಗೆರೆ ಎಳೆದ ಮೇಲೆ ಒಳಗಿನವರ ಬಾಳು ಒಂದು, ಹೊರಗಿನವರದು ಇನ್ನೊಂದು. ಸರಿಯಾಗಿ ಇನ್ನೂರು ವರ್ಷದ ಮೇಲೆ, 1956ರಲ್ಲಿ, ರಾಜ್ಯಗಳನ್ನು ಭಾಷೆಯಂತೆ ವಿಂಗಡಿಸಿದಾಗ, ಅಂಥದೇ ಒಂದು ಗೆರೆ ನಮ್ಮ ಊರಿಗೂ ಬಂತು. ಆ ಕಲ್ಲಿನ ಮುಂದೆ ಕಾಸರಗೋಡಿನವರು ಎರಡು ನಿಮಿಷ ಹೆಚ್ಚೇ ನಿಲ್ಲುತ್ತಾರೆ.

ಇನ್ನು ಕಟ್ಟಣೆ. ಅಲ್ಲಿನದು ಷಿಸ್ಟ್ ಕಲ್ಲು, ಹಾಳೆ ಹಾಳೆಯಾಗಿ ಸೀಳುವ ಪದರಗಲ್ಲು. ನಮ್ಮ ಮುರಕಲ್ಲಿನ ಹಾಗೆ ಚೌಕ ಕೊಯ್ಯಲಿಕ್ಕೆ ಬರುವುದಿಲ್ಲ, ಆದರೆ ಒಂದರ ಮೇಲೊಂದು ಚಪ್ಪಟೆಯಾಗಿ ಕೂರುತ್ತದೆ. ಗಾರೆ ಇಲ್ಲ, ಮಣ್ಣೂ ಇಲ್ಲ. ಮಳೆನೀರು ಕಲ್ಲಿನ ಸಂದಿಯಿಂದ ಬಸಿದು ಹೋಗಬೇಕು. ಬಸಿಯುವ ದಾರಿ ಮುಚ್ಚಿದರೆ ಹಿಂದಿನ ಮಣ್ಣು ನೀರು ಕುಡಿದು ತೂಕ ಬಂದು ಗೋಡೆಯ ಹೊಟ್ಟೆ ಮುಂದೆ ಬರುತ್ತದೆ, ಮುಂದಿನ ಮಳೆಗೆ ಕುಸಿಯುತ್ತದೆ. ಹೊಟ್ಟೆ ಬಂದ ಗೋಡೆಯ ಕೆಳಗೆ ಕೂತು ಬುತ್ತಿ ಬಿಚ್ಚಬೇಡಿ. ಕೆಲವು ಗೋಡೆಗಳಲ್ಲಿ ಉದ್ದನೆಯ ಕಲ್ಲುಗಳು ಒಂದೊಂದು ಅಡಿ ಹೊರಗೆ ಚಾಚಿರುತ್ತವೆ. ಅವು ಆಳುಗಳು ಹತ್ತಿಳಿಯುವ ಮೆಟ್ಟಿಲು.

ಗುಡ್ಡೆಯ ವಯಸ್ಸನ್ನು ಕಟ್ಟಣೆಯಿಂದ ಹೇಳಬಹುದು. ತೀರಾ ಕಿರಿದಾದ ತಟ್ಟು, ಒಂದೋ ಎರಡೋ ಸಾಲು ಬಳ್ಳಿ, ಗಿಡ್ಡ ಗೋಡೆ ಇದ್ದರೆ ಅದು ಫಿಲೊಕ್ಸೆರಕ್ಕಿಂತ ಹಿಂದಿನದು. ಫಿಲೊಕ್ಸೆರ ಅಂದರೆ ಬಳ್ಳಿಯ ಬೇರು ತಿನ್ನುವ, ಅಮೆರಿಕದಿಂದ ಬಂದ ಕೀಟ; 1860ರ ದಶಕದಲ್ಲಿ ಈ ಕಣಿವೆಗೆ ಕಾಲಿಟ್ಟು ಊರೂರನ್ನೇ ಬರಿದು ಮಾಡಿತು. ಹಳೆಯ ಗೋಡೆಗಳಲ್ಲಿ ಸಾಲಾಗಿ ಚೌಕ ತೂತುಗಳಿದ್ದರೆ ಬಗ್ಗಿ ನೋಡಿ: ಬಳ್ಳಿಯನ್ನು ಗೋಡೆಯ ಆ ತೂತಿನೊಳಗೇ ನೆಟ್ಟು, ಮೇಲಿನ ತಟ್ಟನ್ನು ಧಾನ್ಯಕ್ಕೆ ಬಿಟ್ಟುಕೊಳ್ಳುತ್ತಿದ್ದರು. ಒಂದು ಗೇಣು ಮಣ್ಣೂ ಹಾಳಾಗಬಾರದೆಂಬ ಆ ಲೆಕ್ಕಾಚಾರ ನಮಗೆ ಹೊಸದಲ್ಲ. ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ನೆಟ್ಟಾಗ ತಟ್ಟುಗಳು ಅಗಲವಾದವು, ಗೋಡೆಗಳು ಎತ್ತರವಾದವು. 1970ರ ಈಚೆಗೆ ಬುಲ್ಡೋಜರಿನಲ್ಲಿ ಕಡಿದವಕ್ಕೆ ಗೋಡೆಯೇ ಇಲ್ಲ, ಮಣ್ಣಿನ ದರೆ ಮಾತ್ರ. ಟ್ರ್ಯಾಕ್ಟರ್ ಹೋಗಲಿಕ್ಕೆ ಮಾಡಿದ್ದು. ಮತ್ತೆಂದೂ ನೆಡದೆ ಕುರುಚಲು, ಆಲಿವ್ ಬೆಳೆದ ತಟ್ಟುಗಳಿಗೆ ಅಲ್ಲಿನ ಹೆಸರು ‘ಮೊರ್ತೋರಿಯು’, ಸತ್ತ ತೋಟ. ಎದುರು ಗುಡ್ಡೆಯಲ್ಲಿ ಈ ನಾಲ್ಕನ್ನೂ ಬೇರೆ ಬೇರೆ ಗುರುತಿಸಲು ಕಲಿತರೆ ದಿನ ಸಾರ್ಥಕ.

ನೀರಿನ ವಿಷಯ ಹೇಳದಿದ್ದರೆ ತಪ್ಪಾದೀತು. ಪೋರ್ಚುಗಲ್‌ನ ಉತ್ತರ ಭಾಗದಲ್ಲಿ ನಮ್ಮ ಸುರಂಗದಂಥದೇ ಸುರಂಗ ಇದೆ, ‘ಮೀನಾ’ ಎನ್ನುತ್ತಾರೆ. ಗುಡ್ಡೆಯ ಬದಿಯಲ್ಲಿ ಅಡ್ಡಕ್ಕೆ ಕೊರೆದು ಒಸರುವ ನೀರನ್ನು ಸಣ್ಣ ಕಣಿಯಲ್ಲಿ ಹೊರಗೆ ತಂದು ಕಲ್ಲಿನ ತೊಟ್ಟಿಗೆ ಬಿಡುವುದು. ದಾರಿಬದಿಯಲ್ಲಿ ಒಬ್ಬಾಳು ತಲೆ ಬಗ್ಗಿಸಿ ಹೋಗುವಷ್ಟು ಬಾಯಿ, ಎದುರು ತೊಟ್ಟಿ, ಪಾಚಿ ಕಂಡರೆ ಅದೇ. ಒಳಗೆ ಹೋಗಬೇಡಿ, ಪದರಗಲ್ಲು ಜಾರಿ ಬೀಳುತ್ತದೆ. ಇನ್ನೊಂದು ಗುರುತು ಎಲೆಯ ಮೇಲೆ. ಮೇ, ಜೂನ್‌ನಲ್ಲಿ ಬಳ್ಳಿಯ ಎಲೆಯಲ್ಲಿ ನೀಲಿ-ಬಿಳಿ ಕಲೆ ಕಂಡರೆ ಅದು ಮೈಲುತುತ್ತು. ಕೊಳೆರೋಗಕ್ಕೆ ನಾವು ಅಡಿಕೆಗೆ ಬಿಡುವ ಮದ್ದು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮೊದಲು ಹುಟ್ಟಿದ್ದೇ ದ್ರಾಕ್ಷಿಗಾಗಿ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ. ಮದ್ದು ಬಿಟ್ಟ ಸಾಲಿನೊಳಗೆ ಮಕ್ಕಳನ್ನು ಬಿಡಬೇಡಿ. ತೋಟಗಳು ಖಾಸಗಿ, ಗುರುತು ಹಾಕಿದ ಕಾಲುದಾರಿ ಬಿಟ್ಟು ಇಳಿಯುವುದು, ಹಣ್ಣು ಕೀಳುವುದು ಎರಡೂ ಮರ್ಯಾದೆಯಲ್ಲ.

ತಲುಪಲಿಕ್ಕೆ ರೈಲು ಎಲ್ಲಕ್ಕಿಂತ ಚಂದ. ಪೋರ್ಟೊದಿಂದ ರೇಗ್ವ, ಪಿನ್ಯಾಂವ್, ತೂವಾ ದಾಟಿ ಪುಸೀನ್ಯುವಿನಲ್ಲಿ ಕೊನೆ. ಪಿನ್ಯಾಂವ್‌ಗೆ ಸುಮಾರು ಎರಡೂವರೆ ಗಂಟೆ, ಪುಸೀನ್ಯುಗೆ ಮೂರೂಕಾಲು ಗಂಟೆಗೂ ಹೆಚ್ಚು. ಮೊದಲ ಒಂದು ಗಂಟೆ ಹೊಳೆ ಕಾಣುವುದಿಲ್ಲ, ನಿದ್ದೆ ಮಾಡಬಹುದು. ಆಮೇಲೆ ಬಲಬದಿಯ ಕಿಟಕಿ ಬೇಕು. ಫೆರ್ರದೋಜದ ಹತ್ತಿರ ರೈಲು ಸೇತುವೆ ದಾಟಿ ತೆಂಕು ದಡಕ್ಕೆ ಹೋಗುತ್ತದೆ, ಅಲ್ಲಿಂದ ಹೊಳೆ ಎಡಕ್ಕೆ. ಹಳಿ ಮೊದಲು 1887ರಲ್ಲಿ ಸ್ಪೇನ್ ಗಡಿಯ ಬಾರ್ಕ ದಾಲ್ವದವರೆಗೆ ಮುಟ್ಟಿತ್ತು. ಪುಸೀನ್ಯುವಿನಿಂದಾಚೆಗಿನ ತುಂಡನ್ನು 1988ರಲ್ಲಿ ಮುಚ್ಚಿದರು. ರೇಗ್ವದವರೆಗೆ ರೈಲುಗಳು ಧಾರಾಳ, ಅದರಾಚೆಗೆ ದಿನಕ್ಕೆ ಕೆಲವೇ. ಹೆಚ್ಚಿನವರು ಎಡವುವುದು ಇಲ್ಲೇ: ಬೆಳಿಗ್ಗೆ ಹೋಗುವ ರೈಲು ನೋಡಿಕೊಂಡಿರುತ್ತಾರೆ, ಸಂಜೆ ಬರುವುದನ್ನು ನೋಡಿರುವುದಿಲ್ಲ.

ಪಿನ್ಯಾಂವ್‌ನಲ್ಲಿ ಇಳಿದ ಕೂಡಲೇ ನಿಲ್ದಾಣದ ಗೋಡೆ ನೋಡಿ. 1937ರ 24 ಹೆಂಚಿನ ಚಿತ್ರಗಳು, ನೀಲಿ ಬಣ್ಣದವು: ಕೊಯ್ಲು, ಬುಟ್ಟಿ ಹೊತ್ತವರು, ಪೀಪಾಯಿ ಹೇರಿದ ರಬೇಲು ದೋಣಿಗಳು. ಅಣೆಕಟ್ಟು ಬರುವ ಮೊದಲಿನ ಹೊಳೆ ಹೇಗಿತ್ತು ಎಂಬುದೂ ಅದರಲ್ಲಿದೆ. ಇಲ್ಲಿಂದ ಕಜಾಲ್ ದ ಲೋಯ್ವುಶ್ ಹಳ್ಳಿಯ ನೋಟಕಟ್ಟೆಗೆ ಸುಮಾರು 300 ಮೀಟರ್ ನೇರ ಏರು. ಪೊಸಡಿಗುಂಪೆ ಹತ್ತಿದ ಕಾಲಿಗೆ ಕಷ್ಟವಲ್ಲ, ಒಂದೂವರೆ ಗಂಟೆ ಸಾಕು. ಕಷ್ಟ ಇರುವುದು ಇಳಿಯುವಾಗ: ಷಿಸ್ಟ್ ಚೂರುಗಳು ಅಡಿಯಿಂದ ಜಾರುತ್ತವೆ. ಹಿಡಿತವಿರುವ ಬೂಟು ಹಾಕಿ, ಒಬ್ಬರಿಗೆ ಎರಡು ಲೀಟರ್ ನೀರು ಹೊರಿ, ಬೇಸಿಗೆಯಲ್ಲಾದರೆ ಹತ್ತು ಗಂಟೆಯೊಳಗೆ ಮೇಲಿರಿ. ಕಲ್ಲು ಹೀರಿದ ಬಿಸಿಲನ್ನು ಸಂಜೆಯೂ ಉಗುಳುತ್ತದೆ. ದ್ರಾಕ್ಷಿ ಹಣ್ಣಾಗುವುದಕ್ಕೆ ಒಳ್ಳೆಯದು, ನಡೆಯುವವರಿಗಲ್ಲ.

ಕಾರು ಮಾಡಿದವರು ರೇಗ್ವದಿಂದ ಪಿನ್ಯಾಂವ್‌ಗೆ ತೆಂಕು ದಡದ ಎನ್222 ರಸ್ತೆ ಹಿಡಿಯಲಿ, 27 ಕಿಲೋಮೀಟರ್, ಹೊಳೆಯನ್ನು ಬಿಡದ ರಸ್ತೆ. ರೇಗ್ವದಿಂದ ಲಮೇಗು ಪೇಟೆ ಹತ್ತಿರ: ಅಲ್ಲಿ ರೆಮೇದಿಯುಶ್ ಮಾತೆಯ ಇಗರ್ಜಿಗೆ 686 ಮೆಟ್ಟಿಲು, ನಡುನಡುವೆ ಜಗಲಿ, ಕಾರಂಜಿ. ಮೊಣಕಾಲು ನೋವಿನವರಿಗೆ ಮೇಲಕ್ಕೆ ವಾಹನದ ದಾರಿ ಉಂಟು. ಸಾಂವ್ ಸಾಲ್ವದೋರ್ ದು ಮುಂದು ಎಂಬ ನೋಟಕಟ್ಟೆಯಿಂದ ಕೆಳಗೆ ವಲೈರದ ಕಂದರ ಕಾಣುತ್ತದೆ. ಅಲ್ಲಿದ್ದ ಬಂಡೆಯನ್ನು 1780ರಿಂದ ಹನ್ನೆರಡು ವರ್ಷ ಮದ್ದಿಟ್ಟು ಒಡೆದ ಮೇಲೆಯೇ ದೋಣಿಗಳು ಮೇಲಕ್ಕೆ ಹೋಗಲು ಸಾಧ್ಯವಾದದ್ದು. ಆಮೇಲೂ ಸೆಳವು ಉಳಿದಿತ್ತು. ಈ ಹೊಳೆಯ ನಕ್ಷೆ ಬರೆದ ಫಾರೆಸ್ಟರ್ 1861ರಲ್ಲಿ ಮುಳುಗಿದ್ದು ಇಲ್ಲೇ. ಈಗ ಅಣೆಕಟ್ಟಿನಿಂದ ನೀರು ಕೆರೆಯ ಹಾಗೆ ನಿಂತಿದೆ, ಕಯಾಕ್ ಹೊಸಬರಿಗೂ ಕಷ್ಟವಲ್ಲ. ದೊಡ್ಡ ಪ್ರವಾಸಿ ಹಡಗು ಹೋದಾಗ ಅಲೆಗೆ ಮೂತಿ ಕೊಟ್ಟು ನಿಲ್ಲಿಸಿ, ಅಡ್ಡ ನಿಂತರೆ ಮಗುಚುತ್ತದೆ.

ಸೆಪ್ಟೆಂಬರ್ ಕೊಯ್ಲಿನ ಹೊತ್ತಿಗೆ ಕೆಲವು ತೋಟದಮನೆಗಳು ಹಣ್ಣು ತುಳಿಯಲು ಹೊರಗಿನವರನ್ನೂ ಸೇರಿಸಿಕೊಳ್ಳುತ್ತವೆ. ತಿಂಗಳುಗಳ ಮೊದಲೇ ಬರೆದು ಕೇಳಬೇಕು. ಗ್ರಾನೈಟ್ ತೊಟ್ಟಿಯಲ್ಲಿ ತೊಡೆಮಟ್ಟ ದ್ರಾಕ್ಷಿ. ಮೊದಲ ಎರಡು ಗಂಟೆ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ, ಎಣಿಕೆಗೆ ಸರಿಯಾಗಿ ಹೆಜ್ಜೆ. ಆಮೇಲೆ ಸಂಗೀತ, ಮನಬಂದಂತೆ. ಕಾಲಿನಿಂದಲೇ ಯಾಕೆ ಎಂದರೆ ಅಂಗಾಲು ಸಿಪ್ಪೆ ಒಡೆಯುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ. ಎರಡು ಮೂರು ದಿನ ಹುಳಿ ಬಂದ ಮೇಲೆ ಶೇ 77ರ ದ್ರಾಕ್ಷಿ ಸಾರಾಯಿ ಬೆರೆಸಿ ಹುಳಿಯನ್ನು ನಿಲ್ಲಿಸುತ್ತಾರೆ, ಸಿಹಿ ಉಳಿಯುವುದು ಅದರಿಂದ. ಚಡ್ಡಿ ಹಾಕಿ ಹೋಗಿ, ಕಾಲಿನ ನೇರಳೆ ಬಣ್ಣ ಎರಡು ದಿನ ಬಿಡುವುದಿಲ್ಲ. ಕುಡಿಯದವರಿಗೂ ಅಲ್ಲಿ ಕೆಲಸ ಇದೆ. ಕುಡಿದವರು ಗಾಡಿ ಬಿಡಬಾರದು. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಅಲ್ಲಿನ ಮಿತಿ, ಎನ್222ರ ತಿರುವುಗಳಿಗೆ ಅದೂ ಹೆಚ್ಚೇ.

ಒಂದು ದಿನ ಉಳಿದರೆ ಅದನ್ನು ಕೋವಾ ಕಣಿವೆಗೆ ಕೊಡಿ. ಇಪ್ಪತ್ತು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯರು ಬಯಲಿನ ಷಿಸ್ಟ್ ಬಂಡೆಗಳ ಮೇಲೆ ಕೊರೆದ ಕಾಡೆತ್ತು, ಕುದುರೆ, ಜಿಂಕೆ, ಕಾಡಾಡುಗಳು ಅಲ್ಲಿವೆ. 1994ರಲ್ಲಿ ಜಗತ್ತಿಗೆ ತಿಳಿದಾಗ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ‘ಚಿತ್ರಗಳಿಗೆ ಈಜು ಬರುವುದಿಲ್ಲ’ ಎಂದು ವಿದ್ಯಾರ್ಥಿಗಳು ಕೂಗಿದರು, ಅಣೆಕಟ್ಟು ನಿಂತಿತು, 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. (ದ್ರಾಕ್ಷಿ ಸೀಮೆ ಸೇರಿದ್ದು 2001ರಲ್ಲಿ.) ಚಿತ್ರದ ಜಾಗಗಳಿಗೆ ಮಾರ್ಗದರ್ಶಿಯ ಜೊತೆ ಜೀಪಿನಲ್ಲೇ ಹೋಗಬೇಕು. ಗಾಡಿಗೆ ಕೆಲವೇ ಜನ, ಆದ್ದರಿಂದ ಮೊದಲೇ ಕಾಯ್ದಿರಿಸಿ. ಕನಾದ ದು ಇನ್ಫೆರ್ನು ಬೆಳಿಗ್ಗೆಗೆ, ಪೆನಸ್ಕೋಜ ಮಧ್ಯಾಹ್ನದ ಮೇಲೆ. ಬಿಸಿಲು ಬಂಡೆಗೆ ಓರೆಯಾಗಿ ತಾಗಿದಾಗ ಮಾತ್ರ ಗೀರುಗಳಿಗೆ ನೆರಳು ಹುಟ್ಟುತ್ತದೆ. ಹೊತ್ತು ತಪ್ಪಿದರೆ ಬರೀ ಬಂಡೆ. ಪೆನಸ್ಕೋಜದಲ್ಲಿ ಒಂದು ಕುದುರೆಗೆ ಮೂರು ತಲೆ ಕೊರೆದಿದ್ದಾರೆ. ಹೆಣ್ಣು ಕುದುರೆಯ ಮೇಲೆ ಬಾಗುವ ಕತ್ತಿನ ಚಲನೆ ಅದು. ಮೊದಲು ಒಂದು ತಲೆ ಕಣ್ಣಿಗೆ ಸಿಗುತ್ತದೆ, ಸ್ವಲ್ಪ ನಿಂತರೆ ಎರಡನೆಯದು, ಮೂರನೆಯದು. ಪುಸೀನ್ಯು ನಿಲ್ದಾಣದಿಂದ ಈ ಕಣಿವೆಯ ಊರಾದ ವಿಲ ನೋವ ದ ಫೋಜ್ ಕೋವಾಕ್ಕೆ ಕೆಲವು ಕಿಲೋಮೀಟರ್ ಏರುದಾರಿ, ಟ್ಯಾಕ್ಸಿ ಮೊದಲೇ ಹೇಳಿಡಿ.

ಊಟಕ್ಕೆ ಸಸ್ಯಾಹಾರಿಗಳು ಎಚ್ಚರ. ಹಸಿರು ಸೂಪು ಎಂದು ಕೊಡುವ ಕಾಲ್ದು ವೆರ್ದ್‌ನಲ್ಲಿ ಹಂದಿಮಾಂಸದ ಸಾಸೇಜಿನ ತುಂಡು ಬಿದ್ದಿರುತ್ತದೆ. ಲಮೇಗುವಿನ ಬೋಲಾ ರೊಟ್ಟಿಯೊಳಗೂ ಮಾಂಸ. ‘ಸೇಂ ಕಾರ್ನ್, ಸೇಂ ಪೈಶ್’ (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಬೇಕು. ಫವಾಯುಶ್ ಹಳ್ಳಿಯ ನಾಲ್ಕು ಮೂಲೆಯ ಗೋಧಿ ರೊಟ್ಟಿ, ಆಲಿವ್, ಬಾದಾಮಿ ಇದ್ದರೆ ದಾರಿಬುತ್ತಿಗೆ ಸಾಕು. ಭಾಷೆಗೆ ಹೆದರಬೇಡಿ: ಮೇಜು, ಜನೆಲು, ಬಾಲ್ದಿ, ಚಾವಿ ಎಲ್ಲ ಅವರಿಂದಲೇ ನಮ್ಮ ಮನೆಗೆ ಬಂದ ಮಾತುಗಳು. ವಸತಿಗೃಹದಲ್ಲಿ ‘ಶಾವ್’ ಎಂದರೆ ಚಾವಿ ಕೈಗೆ ಬರುತ್ತದೆ. ವೀಸಾ ಷೆಂಗೆನ್, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಹಿಂತಿರುಗುವಾಗ ಪುಸೀನ್ಯುವಿನಲ್ಲಿ ಬಲಬದಿಗೆ ಕೂರಿ, ಫೆರ್ರದೋಜ ಸೇತುವೆ ದಾಟಿದ ಮೇಲೆ ಎಡಬದಿಗೆ ಬನ್ನಿ. ಸಂಜೆಯ ಓರೆ ಬಿಸಿಲಿಗೆ ಎದುರು ದಡದ ಕಟ್ಟಣೆಗಳ ಒಂದೊಂದು ಸಾಲೂ ನೆರಳು ಎಳೆದು ಎದ್ದು ಕಾಣುತ್ತದೆ.