ಗೋಡೆಯ ಮೇಲಿರುವ ಆ ನರ್ಸ್ ಯಾರು?

ಮಂಡ್ಯದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಇದೆ. ಸೈನಿಕರ ಬಟ್ಟೆ ತೊಟ್ಟ ಹೆಂಗಸು. ಬಂದವರೆಲ್ಲ, "ಸಿಸ್ಟರ್, ಇವ್ರು ನೈಟಿಂಗೇಲ್ ಅಲ್ವಾ?" ಎನ್ನುತ್ತಾರೆ. ಅಲ್ಲ, ಯುದ್ಧದಲ್ಲಿ ಪದಕ ಪಡೆದ ನರ್ಸ್ ಎಂದರೆ ಮುಂದಿನ ಪ್ರಶ್ನೆ ತಯಾರು: "ಗುಂಡೇ ಹೊಡೆಯದವರಿಗೆ ಪದಕ ಯಾಕೆ?"

ಅವರ ಹೆಸರು ಜೆನೆವಿಯೆವ್ ದ ಗಲಾರ್. ಗಾಯಾಳುಗಳನ್ನು ಸಾಗಿಸುವ ಫ್ರೆಂಚ್ ವಿಮಾನಗಳ ನರ್ಸ್. 1954ರ ಮಾರ್ಚ್ 28ರ ನಸುಕಿನಲ್ಲಿ ವಿಯೆಟ್ನಾಂನ ದಿಯೆನ್ ಬಿಯೆನ್ ಫುನಲ್ಲಿ ಇಳಿದರು. ಅಲ್ಲಿದ್ದ ಫ್ರೆಂಚ್ ಸೇನೆಯನ್ನು, ಫ್ರೆಂಚರ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ವಿಯೆಟ್ ಮಿನ್ ಪಡೆ ಸುತ್ತುವರಿದಿತ್ತು. ಗಾಯಾಳುಗಳನ್ನು ಹತ್ತಿಸಿಕೊಂಡು ವಾಪಸ್ ಹೊರಡಬೇಕು, ಅಷ್ಟೇ ಕೆಲಸ. ಆದರೆ ಇಳಿಯುವಾಗ ಡಕೋಟಾ ವಿಮಾನದ ಆಯಿಲ್ ಟ್ಯಾಂಕಿಗೆ ಪೆಟ್ಟಾಯಿತು. ಬೆಳಕು ಹರಿದ ಮೇಲೆ ಫಿರಂಗಿ ಗುಂಡು ಬಿದ್ದು ವಿಮಾನವೇ ಹೋಯಿತು. ಒಂದು ಟ್ರಿಪ್ಪಿಗೆ ಬಂದವರು ಸುಮಾರು ಎರಡು ತಿಂಗಳು ಅಲ್ಲೇ ಉಳಿದರು.

ಆಸ್ಪತ್ರೆ ಇದ್ದದ್ದು ನೆಲದಡಿ. ನಲವತ್ತು ಚಿಲ್ಲರೆ ಹಾಸಿಗೆ, ನೂರಾರು ಗಾಯಾಳುಗಳು. ಮಳೆ ಹಿಡಿದ ಮೇಲೆ ಕೆಸರು. ಗಾಯಗಳಲ್ಲಿ ಹುಳ. ಹುಳ ಕೊಳೆತದ್ದನ್ನೇ ತಿನ್ನುತ್ತದೆ, ಹೆದರಬೇಡಿ ಎಂದು ಡಾಕ್ಟರ್ ಪಾಲ್ ಗ್ರೋವ್ಯಾಂ ಧೈರ್ಯ ಹೇಳುತ್ತಿದ್ದರಂತೆ.

ಈ ಹುಳದ ವಿಷಯಕ್ಕೆ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ನಾನೂ ನರ್ಸೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಕ್ಕರೆ ಕಾಯಿಲೆಯ ಅಜ್ಜರೊಬ್ಬರ ಕಾಲಿನ ಬಟ್ಟೆ ಬಿಚ್ಚಿದೆ. ಹುಳ ಮಿಜಿಗುಟ್ಟುತ್ತಿತ್ತು. ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಮುಖ ತೊಳೆದು ವಾಪಸ್ ಬಂದಾಗ ಅಜ್ಜ, "ಯಾಕವ್ವಾ, ಹೆದರ್ಕಂಡ್ಯಾ?" ಎಂದು ಕೇಳಿದರು. ಅವರು ಕಾಲನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಅಂಥ ನೂರಾರು ಜನರ ಮುಂದೆ, ಮೇಲೆ ಗುಂಡು ಬೀಳುತ್ತಿರುವಾಗ, ಮುಖ ಕೆಡಿಸಿಕೊಳ್ಳದೆ ಡ್ರೆಸಿಂಗ್ ಮಾಡಿದ್ದಕ್ಕೆ ಪದಕ. ಇದು ನನ್ನ ಲೆಕ್ಕ.

ಏಪ್ರಿಲ್ 29ಕ್ಕೆ ದಿಯೆನ್ ಬಿಯೆನ್ ಫುನಲ್ಲೇ ಫ್ರಾನ್ಸಿನ ಅತ್ಯುನ್ನತ ಗೌರವವಾದ ಲೀಜಿಯನ್ ಆಫ್ ಆನರ್ ಪದಕ ಕೊಟ್ಟರು. ಮೇ 7ಕ್ಕೆ ಫ್ರೆಂಚ್ ನೆಲೆ ವಿಯೆಟ್ ಮಿನ್ ಕೈಗೆ ಬಿತ್ತು, ಇವರೂ ಸೆರೆಯಾದರು. ಸೆರೆಯಲ್ಲೂ ಗಾಯಾಳುಗಳ ಆರೈಕೆ ಬಿಡಲಿಲ್ಲ, 24ಕ್ಕೆ ಬಿಡುಗಡೆ. ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೆರವಣಿಗೆ, ಜಂಬೂಸವಾರಿಗೆ ಸೇರುವ ಹಾಗೆ ಜನ. 2024ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ತಕರಾರು ಮಾತ್ರ ಇದೆ. ಅಲ್ಲಿದ್ದ ಏಕೈಕ ಹೆಣ್ಣು ಇವರೇ ಎಂದು ಆಗ ಪತ್ರಿಕೆಗಳು ಬರೆದವು. ಸುಳ್ಳು. ಸೈನಿಕರಿಗೆಂದು ಸೇನೆ ನಡೆಸುತ್ತಿದ್ದ ವೇಶ್ಯಾಗೃಹದ ಅಲ್ಜೀರಿಯಾ ಮತ್ತು ವಿಯೆಟ್ನಾಂ ಹೆಂಗಸರೂ ಅಲ್ಲಿದ್ದರು. ಮುತ್ತಿಗೆ ಬಿಗಿಯಾದಾಗ ಅವರೂ ಗಾಯಾಳುಗಳ ಸೇವೆಗೆ ನಿಂತರು. ಅವರ ಫೋಟೋ ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಗೋಡೆಯಲ್ಲಿ ಪಕ್ಕದ ಮೊಳೆ ಖಾಲಿಯೇ ಇದೆ.